ಗಡಿ ಎಳೆದವರು ಯಾರು?
ಭಾರತದ ಅಭಯಾರಣ್ಯಗಳು ಬೆಳೆದು ಬಂದ ಬಗೆ

ಕರ್ನಾಟಕದ ಅರಣ್ಯ ಭೂಪಟವೊಂದನ್ನು ಎದುರಿಗೆ ಹರಡಿಕೊಳ್ಳಿ. ತೆಂಕಣ ಮೂಲೆಯಲ್ಲಿ, ತಮಿಳುನಾಡು ಮತ್ತು ಕೇರಳದ ಎಲ್ಲೆಗಳು ಸೇರುವ ಕಡೆ ಬಂಡೀಪುರ, ನಾಗರಹೊಳೆ ಎಂಬ ಹೆಸರುಗಳು ಕಾಣುತ್ತವೆ. ಅವುಗಳ ಸುತ್ತ ದಪ್ಪನೆಯ ಗೆರೆಯಿದೆ. ಗೆರೆಯ ಒಳಗೆ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ದನ ಮೇಯಿಸುವಂತಿಲ್ಲ. ಗೆರೆಯ ಹೊರಗೆ ಹೊಲ, ಗದ್ದೆ, ಊರು, ಹೆದ್ದಾರಿ. ಆನೆಗೆ ಈ ಗೆರೆ ಕಾಣುವುದಿಲ್ಲ. ಹಾಗಿದ್ದರೂ ಆನೆಯ ಬದುಕು ನಿಂತಿರುವುದು ಈ ಗೆರೆಯ ಮೇಲೆ.

ಇಂಥ ಗೆರೆಗಳು ನಮ್ಮ ದೇಶದಲ್ಲಿ ಈಗ ಸಾವಿರದ ಆಸುಪಾಸಿನಲ್ಲಿವೆ. ನೂರಕ್ಕೂ ಹೆಚ್ಚು ರಾಷ್ಟ್ರೀಯ ಉದ್ಯಾನಗಳು, ಐನೂರಕ್ಕೂ ಹೆಚ್ಚು ವನ್ಯಜೀವಿಧಾಮಗಳು, ಇವುಗಳ ಜೊತೆಗೆ ಸಂರಕ್ಷಣಾ ಮೀಸಲುಗಳು ಮತ್ತು ಸಮುದಾಯ ಮೀಸಲುಗಳು. ಎಲ್ಲವನ್ನೂ ಕೂಡಿಸಿದರೆ ದೇಶದ ನೆಲದಲ್ಲಿ ಸುಮಾರು ಶೇಕಡಾ 5 ಆಗುತ್ತದೆ. ನೂರು ಎಕರೆಯಲ್ಲಿ ಐದೇ ಎಕರೆ! ಹುಲಿ, ಆನೆ, ಘೇಂಡಾಮೃಗ, ಸಿಂಹ, ಕಾಟಿ, ಸೀಳುನಾಯಿಗಳ ಭವಿಷ್ಯವೆಲ್ಲ ಬಹುಮಟ್ಟಿಗೆ ಈ ಐದು ಎಕರೆಯಲ್ಲಿ ಅಡಗಿದೆ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇದರ ಇತಿಹಾಸವನ್ನು ಓದುವಾಗ ನೀವು ಮೂರು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಗೆರೆ ಎಳೆದದ್ದು ಯಾರಿಗಾಗಿ? ಅದನ್ನು ಕಾಯುವವರು ಯಾರು? ಅದಕ್ಕೆ ಬೆಲೆ ತೆತ್ತವರು ಯಾರು? ಈ ಮೂರಕ್ಕೂ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಆ ಬದಲಾವಣೆಯೇ ಇಲ್ಲಿ ನಮ್ಮ ವಿಷಯ.

ಬೇಟೆಗಾರರ ಕಾಡು

ಪ್ರಾಣಿಗಳಿಗೆ ಅಭಯ ನೀಡುವ ಕಲ್ಪನೆ ನಮ್ಮಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಭಯವನಗಳ ಪ್ರಸ್ತಾಪವಿದೆ. ಅಲ್ಲಿ ಪ್ರಾಣಿಗಳನ್ನು ಕೊಂದವರಿಗೆ ದಂಡ ವಿಧಿಸಬೇಕೆಂಬ ನಿಯಮವೂ ಇದೆ. ಅಶೋಕನ ಐದನೆಯ ಸ್ತಂಭಶಾಸನವು ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯನ್ನೇ ಕೊಡುತ್ತದೆ. ಆದರೆ ಅದೇ ಅರ್ಥಶಾಸ್ತ್ರದಲ್ಲಿ ನಾಗವನ, ಅಂದರೆ ಆನೆಗಳ ಕಾಡನ್ನು ಕಾಯುವ ವ್ಯವಸ್ಥೆಯ ವಿವರವೂ ಬರುತ್ತದೆ. ಅದಕ್ಕೆ ಕಾರಣ ಕರುಣೆಯಲ್ಲ, ಸೈನ್ಯದ ಅಗತ್ಯ. ಯುದ್ಧಕ್ಕೆ ಆನೆ ಬೇಕು, ಆನೆಗೆ ಕಾಡು ಬೇಕು. ಪ್ರಯೋಜನ ಮತ್ತು ಕರುಣೆ ಎರಡೂ ಹೀಗೆ ಮೊದಲಿನಿಂದಲೇ ಜೊತೆಜೊತೆಯಾಗಿ ನಡೆದುಬಂದಿವೆ.

ಬ್ರಿಟಿಷರ ಕಾಲಕ್ಕೆ ಬಂದರೆ ಪ್ರಯೋಜನದ ಕೈ ಮೇಲಾಯಿತು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಕಾಡನ್ನು ಸರ್ಕಾರದ ಸ್ವತ್ತನ್ನಾಗಿ ಮಾಡಿದವು. ಉದ್ದೇಶ ಮರಮುಟ್ಟು, ರೈಲು ಹಳಿಗಳ ಕೆಳಗಿನ ದಿಮ್ಮಿಗಳಿಗೆ, ಹಡಗುಗಳಿಗೆ ಮರ ಬೇಕಾಗಿತ್ತು. ಪ್ರಾಣಿಗಳ ವಿಷಯದಲ್ಲಿ ಸರ್ಕಾರ ಎರಡು ಬಗೆಯಾಗಿ ನಡೆದುಕೊಂಡಿತು. ಉಪಯೋಗಕ್ಕೆ ಬರುವ ಆನೆಯನ್ನು ಉಳಿಸಲು 1879ರಲ್ಲಿ ಆನೆ ಸಂರಕ್ಷಣಾ ಕಾಯಿದೆ ಬಂದಿತು. ಹುಲಿ, ಚಿರತೆ, ತೋಳ, ಸೀಳುನಾಯಿಗಳನ್ನು ಪೀಡೆಗಳೆಂದು ಪರಿಗಣಿಸಿ, ಕೊಂದವರಿಗೆ ಇನಾಮು ಕೊಡಲಾಯಿತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ.

ಅರಸರೂ ಹಿಂದೆ ಬೀಳಲಿಲ್ಲ. ರಾಜಸ್ಥಾನದ ಭರತಪುರದಲ್ಲಿ ಸಂಸ್ಥಾನದ ದೊರೆಗಳು ಬಾತುಕೋಳಿ ಬೇಟೆಗೆಂದೇ ಬದುಗಳನ್ನು ಕಟ್ಟಿ, ಕಾಲುವೆ ಹರಿಸಿ ಜೌಗು ನೆಲವನ್ನು ವಿಸ್ತರಿಸಿದ್ದರು. 1938ರ ನವೆಂಬರ್ ತಿಂಗಳಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅಲ್ಲಿಗೆ ಅತಿಥಿಯಾಗಿ ಬಂದಾಗ ಒಂದೇ ದಿನ ಹೊಡೆದುರುಳಿಸಿದ ಹಕ್ಕಿಗಳ ಸಂಖ್ಯೆ 4,273. ಈ ಲೆಕ್ಕವನ್ನು ಅಲ್ಲಿನ ಕಲ್ಲಿನ ಮೇಲೆ ಹೆಮ್ಮೆಯಿಂದ ಕೊರೆಸಿದ್ದಾರೆ. ನೀವು ಅಲ್ಲಿಗೆ ಹೋದರೆ ಇಂದಿಗೂ ಓದಬಹುದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ದೊರೆಯ ಬೇಟೆಗೆ ಪ್ರಾಣಿಗಳು ಸಿಗಬೇಕಾದರೆ ಬೇರೆಯವರು ಅಲ್ಲಿ ಬೇಟೆಯಾಡಬಾರದು, ಕಾಡನ್ನು ಕಡಿದು ಹೊಲ ಮಾಡಬಾರದು. ಹೀಗಾಗಿ ದೊರೆಯ ಬೇಟೆಯ ಕಾಡು ಉಳಿಯಿತು. ನಮ್ಮ ಹೆಸರಾಂತ ಅಭಯಾರಣ್ಯಗಳಲ್ಲಿ ಹಲವು ಒಂದು ಕಾಲಕ್ಕೆ ಬೇಟೆಯ ಮೀಸಲುಗಳೇ. ಭರತಪುರವೂ ಹಾಗೆಯೇ, ರಣಥಂಬೋರವೂ ಹಾಗೆಯೇ. ಬಂಡೀಪುರದ ಸುತ್ತಿನ ಕಾಡಿನಲ್ಲೂ ಮೈಸೂರು ಅರಸರು ಬೇಟೆಯಾಡುತ್ತಿದ್ದರು. ಮೊದಲ ಪ್ರಶ್ನೆಗೆ ಮೊದಲ ಉತ್ತರ ಹೀಗಿದೆ: ಗೆರೆ ಎಳೆದದ್ದು ಕೋವಿ ಹಿಡಿದ ಕೆಲವರಿಗಾಗಿ.

ಮೈಸೂರಿನ ಎರಡು ಹೆಜ್ಜೆಗಳು

ಇಪ್ಪತ್ತನೆಯ ಶತಮಾನದ ಮೂರು ಮತ್ತು ನಾಲ್ಕನೆಯ ದಶಕಗಳಲ್ಲಿ ಈ ಉತ್ತರ ನಿಧಾನವಾಗಿ ಬದಲಾಗತೊಡಗಿತು. ಮೈಸೂರು ಸಂಸ್ಥಾನ 1931ರಲ್ಲಿ ಬಂಡೀಪುರದ ಬಳಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಪ್ರಾಣಿಗಳಿಗಾಗಿ ಮೀಸಲಿಟ್ಟಿತು. ಹತ್ತು ವರ್ಷಗಳ ತರುವಾಯ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಲಾಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ನೆನಪಿನಲ್ಲಿ ಅದಕ್ಕೆ ವೇಣುಗೋಪಾಲ ವನ್ಯಮೃಗ ಉದ್ಯಾನವೆಂಬ ಹೆಸರು ಬಂದಿತು.

ಇನ್ನೊಂದು ಹೆಜ್ಜೆ ತೀರ ಚಿಕ್ಕದು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಒಂದು ಕಟ್ಟೆ ಕಟ್ಟಲಾಗಿತ್ತು. ಅದರಿಂದ ಹೊಳೆಯ ನಡುವೆ ನಡುಗಡ್ಡೆಗಳು ಉಂಟಾದವು. ರೈತನ ನೀರಿಗಾಗಿ ಕಟ್ಟಿದ ಕಟ್ಟೆ ಕೊಕ್ಕರೆಗಳಿಗೂ ನೆಲೆಯಾಯಿತು. ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು 1939–40ರಲ್ಲಿ ಬಂದಿದ್ದ ಪಕ್ಷಿತಜ್ಞ ಸಲೀಂ ಅಲಿ ಈ ಜಾಗದ ಮಹತ್ವವನ್ನು ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇದರ ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ, ಕೇವಲ 0.67. ಇಲ್ಲಿ ಬೇಟೆಯ ಪ್ರಶ್ನೆಯೇ ಇರಲಿಲ್ಲ. ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಜಾಗವೆಂಬ ಒಂದೇ ಕಾರಣಕ್ಕೆ ಅದನ್ನು ಕಾಯಲಾಯಿತು. 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆನಿಸಿತು.

ಉತ್ತರದಲ್ಲಿ ಇದೇ ಕಾಲಕ್ಕೆ ಇನ್ನೊಂದು ಆರಂಭವಾಗಿತ್ತು. 1936ರಲ್ಲಿ ಹಿಮಾಲಯದ ತಪ್ಪಲಿನಲ್ಲಿ, ರಾಮಗಂಗಾ ನದಿಯ ಕಣಿವೆಯಲ್ಲಿ, ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಸಂಯುಕ್ತ ಪ್ರಾಂತದ ಗವರ್ನರ್ ಮಾಲ್ಕಮ್ ಹೇಲಿಯವರ ಹೆಸರನ್ನು ಅದಕ್ಕೆ ಇಡಲಾಗಿತ್ತು. ನರಭಕ್ಷಕಗಳನ್ನು ಬೇಟೆಯಾಡಿ ಹೆಸರು ಮಾಡಿದ ಜಿಮ್ ಕಾರ್ಬೆಟ್ ಅದರ ಗಡಿ ಗುರುತಿಸಲು ನೆರವಾಗಿದ್ದರು. ಸ್ವಾತಂತ್ರ್ಯಾನಂತರ ಉದ್ಯಾನಕ್ಕೆ ಅವರದೇ ಹೆಸರು ಬಂದಿತು.

ಆದರೂ ಇವೆಲ್ಲ ಚದುರಿದ ಪ್ರಯತ್ನಗಳು. ಒಂದು ಸಂಸ್ಥಾನದ ನಿಯಮ ಇನ್ನೊಂದಕ್ಕೆ ಅನ್ವಯಿಸುತ್ತಿರಲಿಲ್ಲ. ದೊರೆಯ ಮನಸ್ಸು ಬದಲಾದರೆ ಗೆರೆಯೂ ಅಳಿಸಿಹೋಗಬಹುದಿತ್ತು.

ಸ್ವಾತಂತ್ರ್ಯ ಬಂತು, ಚೀತಾ ಹೋಯಿತು

1947ರಲ್ಲಿ ಇಂದಿನ ಛತ್ತೀಸಗಢಕ್ಕೆ ಸೇರಿದ ಕೊರಿಯಾ ಸಂಸ್ಥಾನದ ಅರಸರು ಒಂದು ರಾತ್ರಿ ಮೂರು ಚೀತಾಗಳನ್ನು ಗುಂಡಿಟ್ಟು ಕೊಂದರು. ಭಾರತದ ಕೊನೆಯ ಚೀತಾಗಳೆಂದು ಸಾಮಾನ್ಯವಾಗಿ ಹೇಳುವುದು ಇವನ್ನೇ. 1952ರಲ್ಲಿ ಸರ್ಕಾರ ಚೀತಾ ನಮ್ಮ ದೇಶದಿಂದ ಅಳಿದುಹೋಗಿದೆಯೆಂದು ಸಾರಿತು. ಎಪ್ಪತ್ತು ವರ್ಷಗಳ ಬಳಿಕ, 2022ರಲ್ಲಿ, ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಉದ್ಯಾನದಲ್ಲಿ ಬಿಡಬೇಕಾಯಿತು. ಕಳೆದುಕೊಂಡದ್ದನ್ನು ಮರಳಿ ತರುವುದು ಎಷ್ಟು ದುಬಾರಿ ಎಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ಅದೇ 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜಯಚಾಮರಾಜ ಒಡೆಯರು. ಮೊದಲ ಸಭೆ ಸೇರಿದ್ದು ಮೈಸೂರಿನಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಒಂದು ವ್ಯವಸ್ಥೆ ಬೇಕೆಂಬ ವಿಚಾರಕ್ಕೆ ಮೊದಲ ವೇದಿಕೆ ದೊರೆತದ್ದು ನಮ್ಮ ನಾಡಿನಲ್ಲೇ. 1955ರಲ್ಲಿ ನಾಗರಹೊಳೆಯೂ ವನ್ಯಜೀವಿಧಾಮವಾಯಿತು.

ಆದರೆ ಮಂಡಳಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇತ್ತು. ಸಂವಿಧಾನದಲ್ಲಿ ಅರಣ್ಯ ಮತ್ತು ವನ್ಯಪ್ರಾಣಿಗಳ ವಿಷಯ ರಾಜ್ಯಗಳ ಪಟ್ಟಿಯಲ್ಲಿತ್ತು. ದೇಶಕ್ಕೆ ಅನ್ನ ಬೇಕಾಗಿತ್ತು, ವಿದ್ಯುತ್ತು ಬೇಕಾಗಿತ್ತು. ಅಣೆಕಟ್ಟುಗಳಿಗೆ, ಹೊಸ ಸಾಗುವಳಿಗೆ ಕಾಡು ಕರಗಿತು. ಜೀಪು ಮತ್ತು ಕೋವಿ ಹೆಚ್ಚು ಜನರ ಕೈಗೆ ಬಂದವು. ವಿದೇಶೀಯರನ್ನು ಕರೆತಂದು ಹುಲಿ ಬೇಟೆ ಆಡಿಸುವ ಕಂಪನಿಗಳು ಪರವಾನಗಿ ಪಡೆದೇ ನಡೆಯುತ್ತಿದ್ದವು. ಹುಲಿ ಚಿರತೆಗಳ ಚರ್ಮ ರಫ್ತಾಗುತ್ತಿತ್ತು. ದೊರೆಯ ಗೆರೆ ಅಳಿಸಿತ್ತು, ಪ್ರಜಾರಾಜ್ಯದ ಗೆರೆ ಇನ್ನೂ ಬಿದ್ದಿರಲಿಲ್ಲ. ನಡುವಿನ ಆ ಇಪ್ಪತ್ತು ವರ್ಷಗಳಲ್ಲಿ ನಷ್ಟವಾದದ್ದು ಅಪಾರ.

1972: ಒಂದು ಕಾಯಿದೆ

1969ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆ ದೆಹಲಿಯಲ್ಲಿ ನಡೆಯಿತು. ಹುಲಿಯ ಸ್ಥಿತಿ ಅಲ್ಲಿ ಜಗತ್ತಿನ ಗಮನಕ್ಕೆ ಬಂದಿತು. 1970ರಲ್ಲಿ ಹುಲಿ ಬೇಟೆಯನ್ನು ನಿಷೇಧಿಸಲಾಯಿತು. 1972ರಲ್ಲಿ ಹೆಜ್ಜೆಗುರುತುಗಳನ್ನು ಆಧರಿಸಿ ನಡೆಸಿದ ಗಣತಿಯಲ್ಲಿ ಸಿಕ್ಕ ಹುಲಿಗಳ ಸಂಖ್ಯೆ 1,827.

ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯಿದೆ ಜಾರಿಗೆ ಬಂದಿತು. ರಾಜ್ಯಗಳಿಗೆ ಸೇರಿದ ವಿಷಯದ ಮೇಲೆ ಸಂಸತ್ತು ಕಾಯಿದೆ ಮಾಡಿದ್ದು ಹೇಗೆ? ನಾಗರಿಕಶಾಸ್ತ್ರ ಓದುವ ನಿಮಗೆ ಇದು ಒಳ್ಳೆಯ ಉದಾಹರಣೆ. ಸಂವಿಧಾನದ 252ನೆಯ ವಿಧಿಯಂತೆ ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ಕೋರಿದರೆ ಸಂಸತ್ತು ಅಂಥ ಕಾಯಿದೆ ಮಾಡಬಹುದು. ಹನ್ನೊಂದು ರಾಜ್ಯಗಳು ಹೀಗೆ ಕೋರಿದವು. ಇತರ ಬಹುತೇಕ ರಾಜ್ಯಗಳು ಅನಂತರ ಅದನ್ನು ಒಪ್ಪಿಕೊಂಡವು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿ ಅರಣ್ಯ ಮತ್ತು ವನ್ಯಜೀವಿಗಳನ್ನು ಸಮವರ್ತಿ ಪಟ್ಟಿಗೆ ತಂದಿತು. ಅವುಗಳನ್ನು ಕಾಪಾಡುವುದು ಸರ್ಕಾರದ ಹೊಣೆಯೆಂದು 48ಎ ವಿಧಿಯಲ್ಲೂ, ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 51ಎ ವಿಧಿಯಲ್ಲೂ ಬರೆಯಲಾಯಿತು. ಗೆರೆ ಯಾರಿಗಾಗಿ ಎಂಬ ಪ್ರಶ್ನೆಗೆ ಎರಡನೆಯ ಉತ್ತರ ಇದು: ಇಡೀ ರಾಷ್ಟ್ರಕ್ಕಾಗಿ.

ಗೆರೆ ಎಳೆಯುವ ಕ್ರಮವನ್ನೂ ತಿಳಿದುಕೊಳ್ಳಿ. ಮೊದಲು ರಾಜ್ಯ ಸರ್ಕಾರ ತನ್ನ ಉದ್ದೇಶವನ್ನು ಅಧಿಸೂಚನೆಯ ಮೂಲಕ ಪ್ರಕಟಿಸಬೇಕು. ಆ ಪ್ರದೇಶದ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನು ಜಿಲ್ಲಾಧಿಕಾರಿ ವಿಚಾರಿಸಬೇಕು: ಯಾರ ಹೊಲ, ಯಾರ ದಾರಿ, ಯಾರು ಮೇಯಿಸುತ್ತಾರೆ, ಯಾರು ಸೌದೆ ತರುತ್ತಾರೆ. ವನ್ಯಜೀವಿಧಾಮವಾದರೆ ಕೆಲವು ಹಕ್ಕುಗಳು ಮುಂದುವರಿಯಬಹುದು. ರಾಷ್ಟ್ರೀಯ ಉದ್ಯಾನವಾದರೆ ಹಕ್ಕುಗಳೆಲ್ಲ ಇತ್ಯರ್ಥವಾಗಿ ಸರ್ಕಾರಕ್ಕೆ ಸೇರಬೇಕು. ಅಲ್ಲಿ ದನ ಮೇಯಿಸುವಂತೆಯೇ ಇಲ್ಲ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಕ್ರಮ. ಆದರೆ ದೇಶದ ಅನೇಕ ಕಡೆ ಉದ್ದೇಶದ ಅಧಿಸೂಚನೆಗೂ ಅಂತಿಮ ಅಧಿಸೂಚನೆಗೂ ನಡುವೆ ಹತ್ತಾರು ವರ್ಷಗಳು ಕಳೆದವು.

1973ರ ಏಪ್ರಿಲ್ 1ರಂದು ಕಾರ್ಬೆಟ್‌ನಲ್ಲಿ ಹುಲಿ ಯೋಜನೆ ಉದ್ಘಾಟನೆಯಾಯಿತು. ಕೈಲಾಶ್ ಸಂಖಲಾ ಅದರ ಮೊದಲ ನಿರ್ದೇಶಕರು. ಮೊದಲು ಆರಿಸಿದ ಒಂಬತ್ತು ಕಾಡುಗಳು ಮಾನಸ್, ಪಲಾಮು, ಸಿಮ್ಲಿಪಾಲ್, ಕಾರ್ಬೆಟ್, ರಣಥಂಬೋರ್, ಕನ್ಹಾ, ಮೇಲ್ಘಾಟ್, ಸುಂದರಬನ ಮತ್ತು ನಮ್ಮ ಬಂಡೀಪುರ. ಪ್ರತಿ ಕಾಡಿನಲ್ಲೂ ಒಳಗೊಂದು ತಿರುಳು ಪ್ರದೇಶ, ಅದರ ಸುತ್ತ ಒಂದು ಅಂಚಿನ ಪ್ರದೇಶ. ತಿರುಳಿನಲ್ಲಿ ಮರ ಕಡಿತವೂ ಇಲ್ಲ, ಮನುಷ್ಯನ ಚಟುವಟಿಕೆಯೂ ಇಲ್ಲ. ಹುಲಿ ಉಳಿಯಬೇಕಾದರೆ ಕಡವೆ, ಜಿಂಕೆ ಬೇಕು. ಅವಕ್ಕೆ ಹುಲ್ಲು, ನೀರು ಬೇಕು. ಒಂದು ಪ್ರಾಣಿಯ ಹೆಸರಿನಲ್ಲಿ ಇಡೀ ಕಾಡನ್ನು ಕಾಯುವ ಯುಕ್ತಿ ಇದು. ಒಂಬತ್ತರಿಂದ ಆರಂಭವಾದ ಹುಲಿ ಸಂರಕ್ಷಿತ ಪ್ರದೇಶಗಳು ಈಗ ಐವತ್ತಕ್ಕೂ ಹೆಚ್ಚಾಗಿವೆ. ಕರ್ನಾಟಕದಲ್ಲಿ ಬಂಡೀಪುರದ ಜೊತೆಗೆ ಭದ್ರಾ, ನಾಗರಹೊಳೆ, ಕಾಳಿ ಮತ್ತು ಬಿಳಿಗಿರಿರಂಗನ ಬೆಟ್ಟಗಳು ಸೇರಿ ಒಟ್ಟು ಐದು.

ಬೆಲೆ ತೆತ್ತವರು

ಈಗ ಮೂರನೆಯ ಪ್ರಶ್ನೆಗೆ ಬರೋಣ. ಗೆರೆ ಎಳೆದ ನೆಲ ಬರಿದಾಗಿರಲಿಲ್ಲ. ಅಲ್ಲಿ ಹಾಡಿಗಳಿದ್ದವು, ಪೋಡುಗಳಿದ್ದವು, ದನಗಾಹಿಗಳ ದಾರಿಗಳಿದ್ದವು.

ಮತ್ತೆ ಭರತಪುರವನ್ನು ನೆನಪಿಸಿಕೊಳ್ಳಿ. ದೊರೆಗಳ ಬೇಟೆಯ ಜೌಗು ನೆಲವನ್ನು ಕೇವಲಾದೇವ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದಾಗ, 1982ರಲ್ಲಿ, ದನ ಎಮ್ಮೆಗಳನ್ನು ಮೇಯಿಸುವುದನ್ನು ಥಟ್ಟನೆ ನಿಲ್ಲಿಸಲಾಯಿತು. ಸುತ್ತಲ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಹಕ್ಕಿಗಳ ಹಿತಕ್ಕಾಗಿಯೇ ಈ ಕ್ರಮವೆಂದು ಎಲ್ಲರೂ ನಂಬಿದ್ದರು. ಆದರೆ ಆದದ್ದೇನು? ಎಮ್ಮೆಗಳಿಲ್ಲದೆ ನೀರಿನಲ್ಲಿ ಒಂದು ಬಗೆಯ ಹುಲ್ಲು ದಟ್ಟವಾಗಿ ಹಬ್ಬಿತು. ತೆರೆದ ನೀರು ಕಡಿಮೆಯಾಗಿ ಹಕ್ಕಿಗಳಿಗೆ ತೊಂದರೆಯಾಯಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಹತ್ತು ವರ್ಷಗಳ ಅಧ್ಯಯನದ ಕೊನೆಗೆ ಕಂಡುಕೊಂಡದ್ದು ಇದನ್ನೇ: ಎಮ್ಮೆಯ ಮೇವು ಆ ಜೌಗು ನೆಲದ ಆರೋಗ್ಯಕ್ಕೆ ಬೇಕಾಗಿತ್ತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವವೂ ಹೀಗೆಯೇ ಇದೆ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಸೋಲಿಗರು ಬೇಟೆಯನ್ನು, ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯವನ್ನು ಬಿಡಬೇಕಾಯಿತು. ಅಲ್ಲಲ್ಲಿ ಚದುರಿದ್ದ ಪೋಡುಗಳನ್ನು ಒಂದೆಡೆ ನೆಲೆಗೊಳಿಸಲಾಯಿತು. ಬೇಸಗೆಯ ಮೊದಲಿಗೆ ನೆಲದ ಒಣ ಎಲೆಗೆ ಅವರು ಹಚ್ಚುತ್ತಿದ್ದ ‘ತರಗು ಬೆಂಕಿ’ಯೂ ನಿಂತಿತು. ಈ ಚಿಕ್ಕ ಬೆಂಕಿ ಲಂಟಾನದ ಎಳೆ ಗಿಡಗಳನ್ನು ಸುಡುತ್ತಿತ್ತು, ಅದು ನಿಂತ ಮೇಲೆಯೇ ಲಂಟಾನ ಕಾಡನ್ನು ನುಂಗತೊಡಗಿತು ಎಂಬುದು ಸೋಲಿಗ ಹಿರಿಯರ ಮಾತು. ಸಸ್ಯವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಸೋಲಿಗರ ಇಪ್ಪತ್ತಕ್ಕೂ ಹೆಚ್ಚು ಗ್ರಾಮಸಭೆಗಳಿಗೆ ಜೇನು, ನೆಲ್ಲಿಕಾಯಿ ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು.

ಊರುಗಳನ್ನು ಹೊರಗೆ ಸಾಗಿಸಿದ ಕಡೆ ಫಲಿತಾಂಶ ಒಂದೇ ತೆರನಾಗಿಲ್ಲ. ಚಿಕ್ಕಮಗಳೂರಿನ ಭದ್ರಾ ಕಾಡಿನೊಳಗಿದ್ದ ನಾನ್ನೂರಕ್ಕೂ ಹೆಚ್ಚು ಕುಟುಂಬಗಳು ಎರಡು ಸಾವಿರದ ಇಸವಿಯ ಆಚೀಚೆ ಹೊರಬಂದವು. ಬಹುಪಾಲು ಜನರಿಗೆ ತರೀಕೆರೆಯ ಬಳಿಯ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು, ಮನೆ, ಶಾಲೆಗಳು ದೊರೆತವು. ಜನರ ಬೇಡಿಕೆ ಮತ್ತು ಇಲಾಖೆಯ ಯೋಜನೆ ಎರಡೂ ಕೂಡಿಬಂದದ್ದರಿಂದ ಇದನ್ನು ದೇಶಕ್ಕೊಂದು ಮಾದರಿಯೆಂದು ಹೇಳುತ್ತಾರೆ. ಆದರೆ ನಾಗರಹೊಳೆಯ ಜೇನುಕುರುಬರ ಹಾಡಿಗಳ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ತಲೆಮಾರುಗಳಿಂದ ಅಲ್ಲಿದ್ದವರು ತಮ್ಮ ಹಕ್ಕನ್ನು ಕೇಳುತ್ತಲೇ ಇದ್ದಾರೆ. ‘ಹುಲಿಯೋ ಮನುಷ್ಯನೋ’ ಎಂಬ ಸುಲಭದ ಚರ್ಚಾಸ್ಪರ್ಧೆಯ ವಿಷಯವಾಗಿ ಇದನ್ನು ನೋಡಬೇಡಿ. ಕೇಳಬೇಕಾದದ್ದು ಇದು: ಹೊರಟವರು ಒಪ್ಪಿ ಹೊರಟರೇ? ಹೋದ ಕಡೆ ಅವರ ಬದುಕು ನೆಟ್ಟಗಾಯಿತೇ?

ಗೆರೆ ಇದ್ದರೆ ಸಾಲದು

ಕಾಯುವವರು ಯಾರು ಎಂಬ ಪ್ರಶ್ನೆಗೆ ಎರಡು ಪ್ರಕರಣಗಳು ಎದುರುಬದುರಾಗಿ ನಿಲ್ಲುತ್ತವೆ.

ಒಂದು, ಕುದುರೆಮುಖ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಗಳಿವು. 1969ರಲ್ಲೇ ಇಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಮೂವತ್ತು ವರ್ಷಗಳ ಗುತ್ತಿಗೆ ಕೊಡಲಾಗಿತ್ತು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯೂ ಆಯಿತು. ಒಂದೇ ಬೆಟ್ಟಸಾಲಿನಲ್ಲಿ ಗಣಿ ಮತ್ತು ಉದ್ಯಾನ! ಗುತ್ತಿಗೆಯ ಅವಧಿ ಮುಗಿದ ಮೇಲೂ ಗಣಿ ನಡೆಯುತ್ತಿದ್ದಾಗ ನಾಗರಹೊಳೆಯಲ್ಲಿ ವಲಯಾರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಮತ್ತು ಅವರ ಸಂಗಡಿಗರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2002ರಲ್ಲಿ ಬಂದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಾಯಿದೆಯ ಗೆರೆಗೆ ಬಲ ಬಂದದ್ದು ಅದನ್ನು ಓದಿ, ಹಿಡಿದು ನಿಂತ ನಾಗರಿಕರಿಂದ.

ಇನ್ನೊಂದು, ರಾಜಸ್ಥಾನದ ಸರಿಸ್ಕಾ. ಅದು ಹುಲಿ ಯೋಜನೆಗೆ ಸೇರಿದ ಕಾಡು. ಗೆರೆ ಇತ್ತು, ಸಿಬ್ಬಂದಿ ಇತ್ತು, ಅನುದಾನವೂ ಇತ್ತು. ವರ್ಷವರ್ಷವೂ ಹೆಜ್ಜೆಗುರುತು ಎಣಿಸಿ ಇಷ್ಟು ಹುಲಿಗಳಿವೆ ಎಂದು ವರದಿ ಹೋಗುತ್ತಿತ್ತು. 2005ರ ಹೊತ್ತಿಗೆ ತಿಳಿದುಬಂದದ್ದು, ಅಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು. ಕಳ್ಳಬೇಟೆಗಾರರು ಎಲ್ಲವನ್ನೂ ಕೊಂದಿದ್ದರು. 2008ರಲ್ಲಿ ರಣಥಂಬೋರದಿಂದ ಹುಲಿಗಳನ್ನು ತಂದು ಮತ್ತೆ ಬಿಡಲಾಯಿತು.

ಸರಿಸ್ಕಾದ ಆಘಾತದಿಂದ ಎರಡು ಸುಧಾರಣೆಗಳಾದವು. 2006ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಸ್ಥಾಪನೆಯಾಯಿತು. ಎಣಿಕೆಯ ವಿಧಾನವೂ ಬದಲಾಯಿತು. ನಮ್ಮ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಗಳೂ ಬೇರೆ ಬೇರೆ. ಕಾಡುದಾರಿಯ ಎರಡೂ ಬದಿಗೆ ಸ್ವಯಂಚಾಲಿತ ಕ್ಯಾಮೆರಾ ಇಟ್ಟು, ಚಿತ್ರಗಳನ್ನು ಹೋಲಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ಹುಲಿಗಳನ್ನು ಅಂದಾಜು ಮಾಡುವ ವಿಧಾನವನ್ನು ಕನ್ನಡಿಗ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ನಾಗರಹೊಳೆಯಲ್ಲಿ ರೂಪಿಸಿದ್ದರು. ಹೊಸ ವಿಧಾನದ 2006ರ ಅಂದಾಜು 1,411, 2022ರದು 3,682. ಕರ್ನಾಟಕದ ಪಾಲು 563; ಮಧ್ಯಪ್ರದೇಶದ ಅನಂತರ ನಮ್ಮದೇ ಸ್ಥಾನ. 1972ರ 1,827ನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬೇಡಿ. ಎಣಿಸಿದ ರೀತಿಯೇ ಬೇರೆ.

ಹುಣಸೆ ಮರದ ಕೆಳಗಿನ ಅಭಯ

2002ರಲ್ಲಿ ಕಾಯಿದೆಗೆ ಇನ್ನೆರಡು ವರ್ಗಗಳು ಸೇರಿದವು. ಸರ್ಕಾರಿ ನೆಲದಲ್ಲಿ, ಸುತ್ತಲ ಜನರೊಡನೆ ಸಮಾಲೋಚಿಸಿ ಮಾಡುವುದು ಸಂರಕ್ಷಣಾ ಮೀಸಲು. ಜನರ ಸ್ವಂತ ಅಥವಾ ಸಮುದಾಯದ ನೆಲದಲ್ಲಿ, ಅವರಾಗಿಯೇ ಮುಂದೆ ಬಂದರೆ ಮಾಡುವುದು ಸಮುದಾಯ ಮೀಸಲು. ಎರಡನೆಯ ವರ್ಗದ ಅರ್ಥವನ್ನು ತಿಳಿಯಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು.

ಅಲ್ಲಿ ಕಾಡಿಲ್ಲ, ಬೇಲಿಯಿಲ್ಲ. ಊರೊಳಗೆ, ಮನೆಗಳ ಹಿತ್ತಿಲಲ್ಲಿ ಹುಣಸೆ, ಅತ್ತಿ, ಅರಳಿ ಮರಗಳಿವೆ. ಆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿ ವರ್ಷ ಬಂದು ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟುತ್ತಾರೆ, ಮಕ್ಕಳು ಆಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲೇ ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ ಈ ನೆಲೆಯ ಬಗ್ಗೆ ಬರೆದಿದ್ದ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅದನ್ನು ಮತ್ತೆ ಹೊರಜಗತ್ತಿಗೆ ಪರಿಚಯಿಸಿದರು. ಆ ಹೊತ್ತಿಗಾಗಲೇ ಊರಿನವರು ಯಾವ ಕಾಯಿದೆಯ ಒತ್ತಾಯವೂ ಇಲ್ಲದೆ ತಲೆಮಾರುಗಳಿಂದ ಹಕ್ಕಿಗಳನ್ನು ಉಳಿಸಿಕೊಂಡು ಬಂದಿದ್ದರು. ಹಕ್ಕಿ ಬಂದರೆ ಊರಿಗೆ ಒಳಿತೆಂಬ ನಂಬಿಕೆ ಅವರದು; ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ಆದರೆ ಗೂಡಿರುವ ಮರದ ಹುಣಸೆ ಬಡಿಯುವಂತಿಲ್ಲ, ಫಸಲು ಹೋಗುತ್ತದೆ. ಈ ನಷ್ಟವನ್ನು ಗುರುತಿಸಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿಯನ್ನು ತಂದಿತು. 2007ರಲ್ಲಿ ಊರು ಸಮುದಾಯ ಮೀಸಲೆನಿಸಿತು.

ಇಲ್ಲಿ ಮೂರು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಸಿಗುತ್ತದೆ. ಕಾಯುವವರು ಊರಿನವರು. ಅವರು ತೆರುವ ಬೆಲೆ ಎಲ್ಲರಿಗೂ ಗೊತ್ತಿದೆ, ಅದನ್ನು ಸರ್ಕಾರ ಹಂಚಿಕೊಳ್ಳುತ್ತದೆ. ಪ್ರಯೋಜನ ಹಕ್ಕಿಗೂ ಉಂಟು, ಊರಿಗೂ ಉಂಟು. ಹಾಗೆಂದು ಕೊಕ್ಕರೆ ಬೆಳ್ಳೂರಿನ ದಾರಿ ಎಲ್ಲ ಕಡೆಗೂ ಸಲ್ಲುತ್ತದೆಂದು ತಿಳಿಯಬೇಡಿ. ಹಿತ್ತಿಲಿನ ಮರದಲ್ಲಿ ಹೆಜ್ಜಾರ್ಲೆ ಇರಬಹುದು, ಹುಲಿ ಇರಲಾಗದು. ಹುಲಿಗೆ ಬಂಡೀಪುರದಂಥ ಗಟ್ಟಿ ಗೆರೆಯೇ ಬೇಕು. ನಮ್ಮ ಕಾಯಿದೆಯಲ್ಲಿ ನಾಲ್ಕು ವರ್ಗಗಳಿರುವುದು ಇದಕ್ಕಾಗಿಯೇ.

ಮುಂದಿನ ಗೆರೆ

ಗಟ್ಟಿ ಗೆರೆಗೂ ಮಿತಿಗಳುಂಟು. ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು ಒಂದಕ್ಕೊಂದು ಅಂಟಿಕೊಂಡಿರುವುದರಿಂದಲೇ ಅಲ್ಲಿ ಆನೆಗಳು ಋತುವಿಗೆ ತಕ್ಕಂತೆ ಓಡಾಡಿ ಬದುಕುತ್ತಿವೆ. ಈ ಕಾಡುಗಳ ನಡುವೆ ಹೆದ್ದಾರಿಗಳು ಹಾದುಹೋಗಿವೆ. ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಒಂಬತ್ತು ಗಂಟೆಗಳ ಕಾಲ ರಸ್ತೆ ಪ್ರಾಣಿಗಳದು. ಇನ್ನೊಂದೆಡೆ ಕಾಡಂಚಿನ ರೈತನ ರಾಗಿ, ಬಾಳೆ, ಜೋಳಕ್ಕೆ ಆನೆ ಬರುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ಹೋಗುತ್ತದೆ. ಹುಲಿ ಉಳಿದದ್ದಕ್ಕೆ ನಗರದಲ್ಲಿ ಕುಳಿತು ನಾವು ಸಂತೋಷಪಟ್ಟರೆ, ಆ ಸಂತೋಷದ ಬೆಲೆಯಲ್ಲಿ ಒಂದು ಪಾಲನ್ನು ಆ ರೈತ ತೆರುತ್ತಿದ್ದಾನೆ ಎಂಬುದು ನೆನಪಿರಲಿ.

ನಿಮ್ಮ ಜಿಲ್ಲೆಯಲ್ಲೂ ಇಂಥದೊಂದು ಗೆರೆ ಇರಬಹುದು. ರಾಣೆಬೆನ್ನೂರಿನ ಕೃಷ್ಣಮೃಗಗಳಿಗಾಗಿ ಒಂದಿದೆ, ಮೇಲುಕೋಟೆಯ ತೋಳಗಳಿಗಾಗಿ ಒಂದಿದೆ, ದರೋಜಿಯ ಕರಡಿಗಳಿಗಾಗಿ ಒಂದಿದೆ. ಶಾಲೆಯಿಂದ, ಕಾಲೇಜಿನಿಂದ ಅಲ್ಲಿಗೆ ಹೋದಾಗ ಪ್ರಾಣಿಗಳನ್ನು ನೋಡಿ ಬಂದರಷ್ಟೇ ಸಾಲದು. ಅದು ಯಾವ ವರ್ಷ ಘೋಷಣೆಯಾಯಿತು, ಯಾವ ವರ್ಗಕ್ಕೆ ಸೇರಿದೆ ಎಂದು ಅಲ್ಲಿನ ಅಧಿಕಾರಿಯನ್ನು ಕೇಳಿ. ಹಗಲಿರುಳು ಗಸ್ತು ತಿರುಗುವ ಕಾವಲುಗಾರನೊಡನೆ ಮಾತನಾಡಿ. ಅನಂತರ ಗೆರೆಯ ಹೊರಗಿನ ಮೊದಲ ಊರಿನಲ್ಲಿ ಇಳಿದು, ಜಗಲಿಯ ಮೇಲಿನ ಹಿರಿಯರನ್ನು ಕೇಳಿ: ‘ಈ ಗೆರೆ ಬೀಳುವ ಮೊದಲು ಇಲ್ಲಿ ಏನಿತ್ತು?’ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಪಠ್ಯಪುಸ್ತಕದಲ್ಲಿ ಇನ್ನೂ ಸೇರದಿರುವ ಇತಿಹಾಸ ಅದು.